ದೇವರ ಸಾಮಾನಿನ ಬಾವಿ

ಈ ಸಲದ ಮಳೆಗೆ ಕಲಬುರಗಿಯ ನಮ್ಮ ಮನೆಯಲ್ಲಿ ಕಪಾಟಿನ ಹಿಂದಿನ ಗೋಡೆ ಸೋರಿತು. ಆರಾಧನೆಯಲ್ಲಿ ಹಾಡುವ ಹಳೆಯ ಸಂಗೀತ ಪುಸ್ತಕಗಳ ಒಂದು ಸಾಲು ಪೂರಾ ನೆನೆದು ಉಬ್ಬಿಕೊಂಡಿತ್ತು. ಹೆಂಡತಿ ಅವನ್ನೆಲ್ಲ ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಹರವಿ ಫ್ಯಾನು ಹಚ್ಚಿದಳು. ಸ್ವಲ್ಪ ಹೊತ್ತಿಗೆ ನೆನೆದ ಕಾಗದದ ವಾಸನೆ ಮನೆ ತುಂಬಿತು. ಅದರಲ್ಲಿ ಅರ್ಧ ಅಂಟಿನ ವಾಸನೆ, ಅರ್ಧ ಮಣ್ಣಿನದು. ಚಹಾದ ಕಪ್ಪು ಹಿಡಿದುಕೊಂಡು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಏನಾಯಿತು ಎಂದು ಆಕೆ ಕೇಳಿದಳು. ಕಮಲಾಪುರ ಎಂದೆ. ಮದುವೆಗೆ ಮೊದಲಿನ ಕತೆಯಾದರೂ ಎಷ್ಟೋ ಸಲ ಕೇಳಿದವಳು, ನನ್ನ ಕೈಯಿಂದ ಕಪ್ಪು ತೆಗೆದುಕೊಂಡು ಒಳಗೆ ಹೋದಳು.

ನಾನು ಸಭಾಪಾಲಕ, ಅಂದರೆ ಚರ್ಚಿನ ಪಾಸ್ಟರ್. ಹುಟ್ಟಿ ಬೆಳೆದದ್ದು ಸ್ಟೇಶನ್ ಬಜಾರದ ಹಿಂದಿನ ಗಲ್ಲಿಯಲ್ಲಿ. ನೀರು ಅಂದರೆ ನಲ್ಲಿ, ನಲ್ಲಿಗೆ ಬರದಿದ್ದರೆ ಟ್ಯಾಂಕರ್, ಅಷ್ಟೇ ನನಗೆ ಗೊತ್ತಿದ್ದದ್ದು. ದೇವಶಾಸ್ತ್ರದ ಓದು ಮುಗಿಸಿ ಬಂದವನಿಗೆ ಮೊದಲ ನೇಮಕ ಕಮಲಾಪುರದಲ್ಲಿ ಆಯಿತು. ಕಲಬುರಗಿಯಿಂದ ಹುಮನಾಬಾದ ರಸ್ತೆ ಹಿಡಿದರೆ ಬಸ್ಸಿನಲ್ಲಿ ಸುಮಾರು ಒಂದು ತಾಸು. ಊರು ಬಂತು ಎಂದು ಕಂಡಕ್ಟರ್ ಕೂಗಬೇಕಾಗಿಲ್ಲ, ರಸ್ತೆ ಬದಿಯ ಅಂಗಡಿಗಳಲ್ಲಿ ಕೆಂಪು ಬಾಳೆಯ ಗೊನೆಗಳು ತೂಗುವುದು ಕಂಡರೆ ಸೀಟು ಬಿಟ್ಟು ಏಳಬಹುದು. ಒಂದು ಟ್ರಂಕು, ಎರಡು ಚೀಲ ಪುಸ್ತಕ, ನನ್ನ ಬಗ್ಗೆ ನನಗಿದ್ದ ದೊಡ್ಡ ಅಭಿಪ್ರಾಯ, ಇಷ್ಟನ್ನು ಹೊತ್ತುಕೊಂಡು ನಾನು ಅಲ್ಲಿ ಇಳಿದೆ.

ದೇವಾಲಯ ಸಣ್ಣದು, ಕಲ್ಲಿನದು. ಮುಂದೆ ಎರಡು ಬೇವಿನ ಮರ. ಹಿಂದೆ ಹೆಣ್ಣುಮಕ್ಕಳ ಒಂದು ಹಾಸ್ಟೆಲ್. ಸುತ್ತಲಿನ ಹಳ್ಳಿಗಳ ಹದಿನೆಂಟು ಹುಡುಗಿಯರು ಅಲ್ಲಿದ್ದುಕೊಂಡು ಊರಿನ ಹೈಸ್ಕೂಲಿಗೆ ಹೋಗುತ್ತಿದ್ದರು. ಅಡುಗೆ, ಕಸ, ಗಂಟೆ ಹೊಡೆಯುವುದು, ಹುಡುಗಿಯರಿಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂರುವುದು, ಎಲ್ಲಕ್ಕೂ ಒಬ್ಬಳೇ ಎಸ್ತರಮ್ಮ. ಅರವತ್ತರ ಹತ್ತಿರದ ಹೆಂಗಸು. ತಾನೂ ಅದೇ ಹಾಸ್ಟೆಲಿನಲ್ಲಿ ಬೆಳೆದವಳು. ಕಂಪೌಂಡಿನ ಮೂಲೆಯಲ್ಲಿ ಒಂದು ಹಳೆಯ ಬಾವಿ, ಅದರ ಮೇಲೆ ತಗಡು, ತಗಡಿನ ಮೇಲೆ ಕಲ್ಲು. ಬೋರ್‌ವೆಲ್ ಬಂದ ಮೇಲೆ ಅದನ್ನು ಯಾರೂ ಬಳಸುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು. ನಾನೂ ಬಾವಿಯೊಳಗೆ ಇಣುಕಿ ನೋಡುವ ಜಾತಿಯವನಲ್ಲ.

ಹೋದ ಹೊಸತರಲ್ಲೇ, ಜೂನಿನಲ್ಲಿ, ಪರಿಸರ ಭಾನುವಾರ ಬಂತು. ಕಾಲೇಜಿನಲ್ಲಿ ಇದರ ಮೇಲೆಯೇ ಪ್ರಬಂಧ ಬರೆದು ಶಹಭಾಸ್ ಅನ್ನಿಸಿಕೊಂಡಿದ್ದೆನಲ್ಲ, ಬಿಡುತ್ತೇನೆಯೇ? ಕಲಬುರಗಿಗೆ ಹೋಗಿ ದೊಡ್ಡ ಫ್ಲೆಕ್ಸ್ ಮಾಡಿಸಿಕೊಂಡು ಬಂದೆ. ಹಸಿರು ಭೂಮಿ, ಅದರ ನಡುವೆ ಶಿಲುಬೆ, ಕೆಳಗೆ ನನ್ನ ಹೆಸರು. ಮುಕ್ಕಾಲು ತಾಸು ಸಂದೇಶ ಕೊಟ್ಟೆ. ಭೂಮಿ ದೇವರದು, ನಾವು ಯಜಮಾನರಲ್ಲ, ನೋಡಿಕೊಳ್ಳುವವರು. ದೇವರು ಮೊದಲ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಕೂತು ತಿನ್ನಲಿ ಎಂದಲ್ಲ, ದುಡಿದು ಕಾಯಲಿ ಎಂದು. ಕೆಡಿಸಿದ್ದು ಯಾರೇ ಆಗಲಿ, ಸರಿ ಮಾಡುವ ಹೊಣೆ ಎಲ್ಲರದೂ. ಎಲ್ಲರೂ ತಲೆಯಾಡಿಸಿದರು. ಬಾಗಿಲಲ್ಲಿ ಕೈಕುಲುಕಿ ಚಂದ ಹೇಳಿದ್ರಿ ಅಂದರು. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಮುಂದಿನ ಬೇಸಿಗೆಯೇ ನಾನು ಹೇಳಬೇಕೆಂದಿರುವುದು.

ಮಾರ್ಚ್ ಅರ್ಧಕ್ಕೆ ಬಂದಾಗಲೇ ಫರಸಿಯ ಮೇಲೆ ಬರಿಗಾಲು ಇಡಲು ಆಗುತ್ತಿರಲಿಲ್ಲ. ತಿಂಗಳ ಕೊನೆಗೆ ಬೋರ್‌ವೆಲ್ ಕೆಮ್ಮಲು ಶುರು ಮಾಡಿತು. ಮೊದಲು ಕೆಂಪು ನೀರು, ಆಮೇಲೆ ಬರೀ ಗಾಳಿ. ಪಕ್ಕದಲ್ಲೇ ಇನ್ನೊಂದು ಕೊರೆಸಿದರೆ ಬಂದದ್ದು ಬೂದಿಯಂಥ ಧೂಳು. ಎಸ್ತರಮ್ಮ ಟ್ಯಾಂಕರ್ ನೀರನ್ನು ಡ್ರಮ್ಮುಗಳಲ್ಲಿ ತುಂಬಿ, ಹುಡುಗಿಯರಿಗೆ ಚೊಂಬಿನ ಲೆಕ್ಕದಲ್ಲಿ ಕೊಟ್ಟು ಪರೀಕ್ಷೆ ದಾಟಿಸಿದಳು. ಅಷ್ಟರಲ್ಲಿ ಹಾಸ್ಟೆಲನ್ನು ನಡೆಸುವ ಕಲಬುರಗಿಯ ಸಭಾ ಕಚೇರಿಯಿಂದ ಪತ್ರ ಬಂತು. ಸ್ವಂತ ನೀರು ಇಲ್ಲದ ಹಾಸ್ಟೆಲನ್ನು ಜೂನಿನಲ್ಲಿ ತೆರೆಯಲು ಬಿಡುವುದಿಲ್ಲ, ಮೇ ಕೊನೆಗೆ ಬಂದು ನೋಡುತ್ತೇವೆ, ಪಾಲಕರಿಗೆ ಈಗಲೇ ತಿಳಿಸಿರಿ ಎಂದು ಬರೆದಿದ್ದರು. ನಾನು ಓಡಿಹೋಗಿ ಬೇಡಿಕೊಂಡೆ. ಅಲ್ಲಿದ್ದ ಹಿರಿಯರು ಕೆಟ್ಟವರೇನಲ್ಲ. ನೀರು ತೋರಿಸಿ, ಆ ದಿನವೇ ಸಹಿ ಹಾಕುತ್ತೇನೆ ಅಂದರು.

ಹದಿನೆಂಟು ಮನೆಗಳಿಗೂ ಪತ್ರವನ್ನು ನನ್ನ ಕೈಯಾರೆ ಬರೆದೆ. ನೀರಿನ ವ್ಯವಸ್ಥೆ ಆಗದಿದ್ದರೆ ಹಾಸ್ಟೆಲ್ ತೆರೆಯಲಿಕ್ಕಿಲ್ಲ, ನಿಮ್ಮ ಮಗಳಿಗೆ ಬೇರೆ ವ್ಯವಸ್ಥೆ ನೋಡಿಕೊಳ್ಳಿರಿ ಎಂದು. ರಜೆಗೆ ಹೊರಟ ದಿನ ಹುಡುಗಿಯರ ಕೈಯಲ್ಲೇ ಕೊಟ್ಟು ಕಳಿಸಿದೆ. ಸುನೀತಾ ಎಂಬವಳು ಮಾತ್ರ ಪತ್ರ ಹಿಡಿದುಕೊಂಡು ಅಲ್ಲೇ ನಿಂತಳು. ಒಂಬತ್ತನೆಯದು ಮುಗಿಸಿದವಳು. ಗಣಿತದಲ್ಲಿ ನನಗಿಂತ ಚುರುಕು. ಟ್ಯಾಂಕರಿನ ನೀರು ಎಷ್ಟು ದಿನ ಬರುತ್ತದೆಂದು ಎಸ್ತರಮ್ಮನಿಗೆ ಹೇಳುತ್ತಿದ್ದವಳು ಅವಳೇ. ತಂದೆ ಫರಸಿಯ ಖಣಿಯಲ್ಲಿ ಕೆಲಸಗಾರ.

"ಹಾಸ್ಟೆಲ್ ಖರೇ ತಗಿತದೇನ್ರಿ, ಸರ?" ಅಂದಳು.

ತೆಗೆಯುತ್ತದೆ, ನೀನು ಬಾ ಎಂದೆ. ನೀರು ಎಲ್ಲಿಂದ ತರುತ್ತೇನೆಂದು ನನಗೇ ಗೊತ್ತಿರಲಿಲ್ಲ.

ದಾರಿ ತೋರಿಸಿದವನು ಮಹಬೂಬ್ ಸಾಬ. ನಮ್ಮ ಓಣಿಯಲ್ಲೇ ಪಂಪು, ಮೋಟಾರು ರಿಪೇರಿ ಮಾಡುವವನು. ಸತ್ತ ಬೋರಿನಿಂದ ಮೋಟಾರು ಎತ್ತಲು ಬಂದಿದ್ದ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ಮೂಲೆಯ ಕಡೆ ನೋಡಿ, "ಪಾಸ್ಟರ್ ಸಾಬ್, ಆ ಬಾವ್ಯಾಗ ಜಿಂದಾ ಸೆಲಿ ಅದ ನೋಡ್ರಿ. ನಮ್ಮ ಅಬ್ಬಾ ಕಾಲದಾಗ ಎಂದೂ ಬತ್ತಿದ್ದಿಲ್ಲ" ಅಂದ. ಹಾಗಾದರೆ ತೆಗೆಸೋಣ ಎಂದೆ. ಅವನು ಎಸ್ತರಮ್ಮನ ಮುಖ ನೋಡಿದ. ಎಸ್ತರಮ್ಮ ಸೆರಗು ಸರಿ ಮಾಡಿಕೊಂಡು ಒಳಗೆ ನಡೆದಳು.

ಮರುದಿನ ನಾನೇ ಕಲ್ಲು ಉರುಳಿಸಿ ತಗಡು ಸರಿಸಿದೆ. ಕಸವಿರುತ್ತದೆ, ಸತ್ತ ನಾಯಿ ಇದ್ದರೂ ಇರಬಹುದು ಎಂದುಕೊಂಡಿದ್ದೆ. ಮೊದಲು ವಾಸನೆ ಬಂತು, ನೆನೆದ ಕಾಗದದ್ದು. ಆಮೇಲೆ ಕಣ್ಣು ಹೊಂದಿಕೊಂಡಿತು. ಎಲ್ಲಕ್ಕಿಂತ ಮೇಲೆ, ಒಳಗಿನದಕ್ಕೆಲ್ಲ ಮುಚ್ಚಳ ಹಾಕಿದಂತೆ ಹರಡಿಕೊಂಡಿದ್ದದ್ದು ನನ್ನ ಫ್ಲೆಕ್ಸ್. ಹಸಿರು ಭೂಮಿ, ಶಿಲುಬೆ, ಕೆಳಗೆ ನನ್ನ ಹೆಸರು.

ಎಸ್ತರಮ್ಮನನ್ನು ಕರೆದು ಕೇಳಿದೆ. ನನ್ನ ದನಿ ಏರಿತ್ತು. ಆಕೆ ಅಂಜದೆ, ಮುಚ್ಚಿಡದೆ ಹೇಳಿದಳು. ಗೆದ್ದಲು ತಿಂದ ಬೈಬಲ್ಲನ್ನು ತಿಪ್ಪೆಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಸುಡಲು ಬರುತ್ತದೆಯೇ? ಬೋರ್ ಬಂದು ಬಾವಿಯ ಬಳಕೆ ತಪ್ಪಿದಾಗ ಯಾರೋ ಒಬ್ಬರು ಪ್ರಾರ್ಥನೆ ಮಾಡಿ ಅದರಲ್ಲಿ ಒಂದು ಹಳೆಯ ಬೈಬಲ್ ಇಳಿಸಿದರು. ಯಾರ ಕಾಲೂ ತಾಕದ ಜಾಗ. ಮುಂದೆ ಅದೇ ರೂಢಿಯಾಯಿತು. ಹರಿದ ಸಂಗೀತ ಪುಸ್ತಕ, ಈಸ್ಟರಿಗೆ ಮೊದಲಿನ ಗರಿಗಳ ಭಾನುವಾರದ ಒಣ ಗರಿ, ಕ್ರಿಸ್‌ಮಸ್ಸಿನ ಥರ್ಮಾಕೋಲ್ ಗೋದಲಿ, ಪ್ಲಾಸ್ಟಿಕ್ ನಕ್ಷತ್ರ, ಎಲ್ಲ ಅಲ್ಲಿಗೇ. ಓಣಿಯವರೂ ಕೇಳಿಕೊಂಡು ಬಂದರು. ಪಕ್ಕದ ಬಾಳೆ ತೋಟದ ಶಿವಶರಣಪ್ಪನ ಮನೆಯಿಂದ ಗಾಜು ಒಡೆದ ದೇವರ ಫೋಟೋ, ಪ್ಲಾಸ್ಟಿಕ್ ಹಾರ. ಮಹಬೂಬನ ಮನೆಯಿಂದ ಹಳೆಯ ಕುರಾನಿನ ಬಿಡಿ ಹಾಳೆ. ಮೊದಲು ಬಟ್ಟೆಯಲ್ಲಿ ಕಟ್ಟಿ ಇಳಿಸುತ್ತಿದ್ದರು. ಬಟ್ಟೆ ಕೊಳೆತು ಹಾಳೆ ನೆನೆಯುತ್ತದೆಂದು, ಆಮೇಲಾಮೇಲೆ ಎಲ್ಲರೂ ಎರಡೆರಡು ಪ್ಲಾಸ್ಟಿಕ್ ಚೀಲ ಸುತ್ತಿ, ಗಂಟು ಬಿಗಿದು ಇಳಿಸಿದರು. ಭಕ್ತಿ ಹೆಚ್ಚಿದಷ್ಟೂ ಗಂಟು ಬಿಗಿ. ಬಾವಿಗೆ ಕಸ ಹಾಕಿದವರು ಇಡೀ ಓಣಿಯಲ್ಲಿ ಒಬ್ಬರೂ ಇರಲಿಲ್ಲ.

ಫ್ಲೆಕ್ಸಿನ ಮೇಲೆ ಶಿಲುಬೆ ಇತ್ತಲ್ಲ, ನೀವು ಬೇರೆ ಅದನ್ನು ಚೊಕ್ಕ ಜಾಗದಲ್ಲಿ ಇಡು ಅಂದಿದ್ರಿ ಎಂದು ಕೊನೆಗೆ ಎಸ್ತರಮ್ಮ ಹೇಳಿದಳು. ಅಂದಿದ್ದು ನಿಜ. ಆ ಮಾತಿಗೆ ನನ್ನ ದನಿ ಇಳಿಯಬೇಕಿತ್ತು, ಇಳಿಯಲಿಲ್ಲ. ನನಗೆ ನಾಚಿಕೆಯಾಗಿತ್ತು, ನಾಚಿಕೆಯಾದಾಗ ನಾನು ಬಯ್ಯುವವನು.

ಅಲ್ಲಿಂದ ಮೂರು ವಾರ ನಡೆದದ್ದನ್ನು ಈಗ ಹೇಳಲು ಸಂಕೋಚವಾಗುತ್ತದೆ. ಸಭೆಯ ಕಮಿಟಿ ಸೇರಿತು. ಒಳಗಿದ್ದದ್ದನ್ನು ತೆಗೆದರೆ ಅವಮಾನ, ಪ್ರಾರ್ಥನೆ ಮಾಡಿ ಇಳಿಸಿದ್ದನ್ನು ಕೂಲಿಯವರ ಬುಟ್ಟಿಯಲ್ಲಿ ಹೇಗೆ ಎತ್ತಿಸುವುದು ಅಂದರು. ಬಾವಿಯನ್ನೇ ಸಿಮೆಂಟು ಹಾಕಿ ಮುಚ್ಚಿ ಮೇಲೊಂದು ಶಿಲುಬೆ ನಿಲ್ಲಿಸೋಣ ಎಂದು ಒಬ್ಬರು ಸೂಚಿಸಿದರು. ಶಿವಶರಣಪ್ಪನನ್ನು ಕೇಳಿದರೆ, ನಮ್ಮ ದೇವರ ಫೋಟೋ ನಾವು ತೆಗೀತೀವಿ, ಉಳಿದದ್ದು ನಮ್ಮ ಕೈಯಿಂದ ಮುಟ್ಟಿ ತಪ್ಪು ಮಾಡಬಾರದು ಎಂದ. ಮಹಬೂಬ್ ಸಾಬನದೂ ಅದೇ ಮಾತು. ಯಾರಿಗೂ ಇನ್ನೊಬ್ಬರ ಮೇಲೆ ಸಿಟ್ಟಿರಲಿಲ್ಲ. ಇನ್ನೊಬ್ಬರ ದೇವರಿಗೆ ತಮ್ಮಿಂದ ಅಪಚಾರ ಆದೀತೆಂಬ ಅಂಜಿಕೆ ಮಾತ್ರ ಇತ್ತು. ಇದಕ್ಕೆ ಜಗಳವಾಡಿ ದಾರಿ ಮಾಡಲೂ ಬರುವುದಿಲ್ಲ.

ನಾನು ಏನು ಮಾಡಿದೆ? ಮತ್ತೆ ಸಂದೇಶ ಕೊಟ್ಟೆ. ಎರಡು ಭಾನುವಾರ ಕೊಟ್ಟೆ. ಜನ ಕಣ್ಣು ತಪ್ಪಿಸಿಕೊಂಡು ಮನೆಗೆ ಹೋದರು. ಎರಡನೆಯ ಭಾನುವಾರ ಎಲ್ಲರೂ ಹೋದ ಮೇಲೆ ನಾನು ಬಾವಿಯ ಕಟ್ಟೆಯ ಮೇಲೆ ನಿಂತು, ಇಷ್ಟು ಹೇಳಿದರೂ ಈ ಜನಕ್ಕೆ ತಿಳಿಯುವುದಿಲ್ಲ ಎಂದು ಗೊಣಗುತ್ತಿದ್ದೆ. ಎಸ್ತರಮ್ಮ ಅಂಗಳ ಗುಡಿಸುತ್ತಿದ್ದಳು. ಕಸಬರಿಗೆ ನಿಲ್ಲಿಸಿದಳು.

"ತ್ವಾಟ ಕಾಯಾಕ ದೇವರು ಮನಷ್ಯಾನ್ನ ಇಟ್ಟಾನ ಅಂತೀರಿ. ಕಾಯಾಂವ ತ್ವಾಟದ ಒಳಗ ಇರ್ತಾನ್ರಿ ಪಾಸ್ಟರ. ನೀವು ಕಟ್ಟಿ ಮ್ಯಾಲ ನಿಂತೀರಿ. ಹಾಕಿದಾಕಿ ನಾ ಇದ್ದೀನಿ, ನನಗ ಇಳಿಯೋ ವಯಸ್ಸಿಲ್ಲ. ನೀವು ಇಳೀರಿ, ನಾ ಮ್ಯಾಲ ಹಿಡಕೋತೀನಿ."

ಅಷ್ಟೇ ಹೇಳಿ ಮತ್ತೆ ಗುಡಿಸತೊಡಗಿದಳು. ಊರಿಗೆ ಬಂದು ವರ್ಷವಾಗುತ್ತ ಬಂದಿತ್ತು. ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಒಂದು ಕ್ಷಣ ಸಿಟ್ಟು ಬಂತು, ಆಮೇಲೆ ಕಟ್ಟೆಯಿಂದ ಇಳಿದೆ. ಮಹಬೂಬ್ ಸಾಬನ ಅಂಗಡಿಗೆ ನಡೆದುಹೋಗಿ, ನಾಳೆ ಇಳಿಯುತ್ತೇನೆ, ಹಗ್ಗ ಕೊಡು ಎಂದೆ. ಈಜು ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ ಎಂದೆ. ಯಾ ಅಲ್ಲಾ ಎಂದು ಹಣೆ ಒತ್ತಿಕೊಂಡ.

ಬೆಳಿಗ್ಗೆ ಆರಕ್ಕೆ ಅವನು ಹಗ್ಗ, ರಾಟೆ, ಕಂದೀಲು ತಂದ. ಕಂದೀಲು ಹಚ್ಚಿ ಮೊದಲು ಅದನ್ನು ಇಳಿಸಿದ. ಕೆಳಗೆ ಕೆಟ್ಟ ಗಾಳಿ ಇದ್ದರೆ ದೀಪ ಆರುತ್ತದಂತೆ. ಆರಿತು. ಬೇವಿನ ದೊಡ್ಡ ಟೊಂಗೆ ಕಟ್ಟಿ ಅರ್ಧ ತಾಸು ಮೇಲೆ ಕೆಳಗೆ ಆಡಿಸಿ, ಗಾಳಿ ಕದಡಿ, ಮತ್ತೆ ದೀಪ ಇಳಿಸಿದ. ಈ ಸಲ ಉಳಿಯಿತು. ನನ್ನ ಸೊಂಟಕ್ಕೆ ಹಗ್ಗ ಬಿಗಿದ. ಗೋಡೆಗೆ ಚಾಚಿದ ಪಾವಟಿಗೆ ಕಲ್ಲುಗಳ ಮೇಲೆ ಒಂದೊಂದೇ ಕಾಲಿಟ್ಟು ಇಳಿದೆ. ಮೇಲಿನ ಬಿಸಿಲಿಗೂ ಕೆಳಗಿನ ತಂಪಿಗೂ ಸಂಬಂಧವೇ ಇರಲಿಲ್ಲ. ಮೊದಲು ಎತ್ತಿ ಕಳಿಸಿದ್ದು ನನ್ನ ಫ್ಲೆಕ್ಸನ್ನೇ.

ಅದರ ಕೆಳಗೆ ಕೈ ಹಾಕಿದಾಗ ಗೊತ್ತಾಯಿತು, ಯಾರದು ಯಾವುದು ಎಂದು ವಿಂಗಡಿಸುವ ಮಾತೇ ಇರಲಿಲ್ಲ. ಗಂಟು ಬಿಚ್ಚಿಕೊಂಡ ಚೀಲಗಳಿಂದ ಕಾಗದವೆಲ್ಲ ಹೊರಬಂದು ಒಂದೇ ಮುದ್ದೆಯಾಗಿತ್ತು. ಒಂದು ಹಿಡಿಯಲ್ಲಿ ಕನ್ನಡದ ಅಕ್ಷರ ಒಂದಿಷ್ಟು, ಅರಬಿಯದು ಒಂದಿಷ್ಟು, ಯಾವುದೋ ದೇವರ ಕಿರೀಟದ ಬಣ್ಣ. ಮೊದಲ ಬುಟ್ಟಿ ಮೇಲೆ ಹೋದ ಕೂಡಲೇ ಕಟ್ಟೆಯ ಸುತ್ತ ನಿಂತವರು ಬಗ್ಗಿ ನೋಡಿದರಂತೆ. ಶಿವಶರಣಪ್ಪನೂ ಬಂದು ನಿಂತಿದ್ದನಂತೆ. ಬಹಳ ಹೊತ್ತು ಬುಟ್ಟಿ ನೋಡಿ ಅಂಗಿ ಬಿಚ್ಚಿ ಬೇವಿಗೆ ತೂಗುಹಾಕಿದನಂತೆ. ನಾನು ಕಂಡದ್ದು ಪಾವಟಿಗೆಯ ಮೇಲೆ ಇಳಿಯುತ್ತಿದ್ದ ಅವನ ಎರಡು ಹಿಮ್ಮಡಿ ಮಾತ್ರ.

"ಇದರಾಗ ನಿಮ್ಮದು ನಮ್ಮದು ಆರಸಾಕ ಆಗಲ್ರೀ. ಎಲ್ಲಾ ಕೂಡೇ ತಗೀಮು," ಅಂದ.

ಎಂಟು ದಿನ ತೆಗೆದೆವು. ಸ್ನಾನ ಮಾಡಿಯೇ ಇಳಿಯಬೇಕು, ಬುಟ್ಟಿಯನ್ನು ನೆಲಕ್ಕಿಡದೆ ಬಿಳಿ ಬಟ್ಟೆಯ ಮೇಲೆ ಸುರಿಯಬೇಕು ಎಂದು ಮಹಬೂಬ್ ಸಾಬ ನಿಯಮ ಮಾಡಿದ. ಎಲ್ಲರೂ ಪಾಲಿಸಿದರು. ಮೂರನೆಯ ದಿನಕ್ಕೆ ಸಿಮೆಂಟು ಹಾಕೋಣ ಎಂದಿದ್ದ ಕಮಿಟಿಯ ಹಿರಿಯರೂ ಹಗ್ಗ ಹಿಡಿದರು. ಕಾಗದದ ಮುದ್ದೆಯನ್ನು ಎಲ್ಲಿ ಹಾಕುವುದೆಂಬ ಚಿಂತೆಯೂ ಶಿವಶರಣಪ್ಪನಿಂದಲೇ ಕಳೆಯಿತು. ತನ್ನ ತೋಟದ ಮೂಲೆಯಲ್ಲಿ ಯಾರೂ ತುಳಿಯದ ಕಡೆ ಆಳವಾದ ಗುಂಡಿ ತೋಡಿಸಿ, ಮಣ್ಣಿಗೆ ಹೋದರೆ ಯಾವ ದೇವರೂ ಬೇಡ ಅನ್ನುವುದಿಲ್ಲ ಎಂದ. ತೊಂದರೆಯಾದದ್ದು ಪ್ಲಾಸ್ಟಿಕ್ಕಿನದು. ಹಾರ, ನಕ್ಷತ್ರ, ಚೀಲ, ಫ್ಲೆಕ್ಸ್. ಮೂಟೆ ಕಟ್ಟಿ ಕಲಬುರಗಿಗೆ ಒಯ್ದರೆ ಗುಜರಿಯವನೂ ಮುಟ್ಟಲಿಲ್ಲ. ಕೊನೆಗೆ ಊರ ಹೊರಗಿನ ದೊಡ್ಡ ಕಸದ ರಾಶಿಗೇ ಸುರಿದು ಬಂದೆವು. ಅಂದಿನಿಂದ ನಾನು ದೇವರ ಹೆಸರಿನಲ್ಲಿ ಒಂದು ಚೂರು ಪ್ಲಾಸ್ಟಿಕ್ ಕೊಂಡಿಲ್ಲ.

ಎಂಟನೆಯ ದಿನ ಮಧ್ಯಾಹ್ನ, ಹೂಳಿನ ಕೊನೆಯ ಬುಟ್ಟಿಗಳ ಹೊತ್ತಿಗೆ, ಬಂಡೆಯ ಸಂದಿಯಿಂದ ತಣ್ಣಗೆ ಏನೋ ನನ್ನ ಪಾದಕ್ಕೆ ತಾಕಿತು. ಸೆಲೆ. ಕಿರುಬೆರಳಿನಷ್ಟು ದಪ್ಪ. ಮೇಲೆ ಕೂಗಿ ಹೇಳುವುದನ್ನು ಬಿಟ್ಟು ಗಡಿಬಿಡಿಯಲ್ಲಿ ಹಗ್ಗ ಜಗ್ಗಿದೆ. ಏನೋ ಆಪತ್ತಾಯಿತೆಂದು ನನ್ನನ್ನು ಅರ್ಧಕ್ಕೆ ಎಳೆದುಬಿಟ್ಟರು. ಆ ನೀರನ್ನು ಮೂರು ಸಲ ಪೂರಾ ಎತ್ತಿ ಚೆಲ್ಲಿ, ಬ್ಲೀಚಿಂಗ್ ಪೌಡರ್ ಹಾಕಿ, ಪರೀಕ್ಷೆಗೆ ಕಳಿಸಿ, ಕುಡಿಯಬಹುದು ಎಂದು ಬರುವ ಹೊತ್ತಿಗೆ ಮೇ ಮುಗಿಯುತ್ತಿತ್ತು. ಕಚೇರಿಯ ಹಿರಿಯರು ಬಂದು, ಎಸ್ತರಮ್ಮ ಸೇದಿ ಕೊಟ್ಟ ನೀರು ಕುಡಿದು, ಹೇಳಿದಂತೆ ಅಲ್ಲೇ ಸಹಿ ಹಾಕಿದರು. ಎಸ್ತರಮ್ಮ ಅಡುಗೆಮನೆಗೆ ಹೋಗಿ ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು? ಫೋನಿದ್ದ ಮನೆಗಳಿಗೆಲ್ಲ ಅಂದೇ ಫೋನು ಮಾಡಿದೆ. ಸುನೀತಾಳ ಮನೆಯ ಫೋನು ಹತ್ತಲಿಲ್ಲ. ಬಾ ಎಂದು ಹೇಳಿದ್ದೇನಲ್ಲ, ಬರುತ್ತಾಳೆ ಎಂದುಕೊಂಡೆ.

ಜೂನಿನಲ್ಲಿ ಹದಿನೇಳು ಹುಡುಗಿಯರು ಬಂದರು. ಒಂದು ವಾರ ಕಾದು, ಎರಡು ಬಸ್ಸು ಬದಲಿಸಿ ನಾನು ಸುನೀತಾಳ ಊರಿಗೆ ಹೋದೆ. ಮೊದಲ ಮಳೆ ಬಿದ್ದು ತೊಗರಿ ಬಿತ್ತುವ ಗಡಿಬಿಡಿ. ತಂದೆ ಮನೆಯಲ್ಲೇ ಇದ್ದ. ನನ್ನನ್ನು ಕಂಡು ಕಂಬಳಿ ಹಾಸಿದ. ಹಾಸ್ಟೆಲ್ ತೆರೆದಿದೆ, ನೀರು ಬಂದಿದೆ ಎಂದೆ. ಅವನು ನನ್ನನ್ನು ನೋಡಲಿಲ್ಲ. ಒಳಗೆ ಹೋಗಿ, ಮಡಿಕೆ ಮಾಸದ ಪತ್ರವನ್ನು ತಂದು ತೋರಿಸಿದ. ನನ್ನದೇ ಅಕ್ಷರ.

"ಬ್ಯಾರೆ ವ್ಯವಸ್ಥೆ ಮಾಡ್ಕೋರಿ ಅಂತ ನೀವ ಬರದಿದ್ರಿ. ಅಕಿ ದಿನಾ ಬಸ್ಸಿನ ದಾರಿ ನೋಡಾಕಿ. ಯಾರೂ ಬರಲಿಲ್ಲ. ಮೇ ನಡುವ ಅಕಿ ಕಾಕಾ ಪುಣೆಕ್ಕ ಹೊಂಟಿದ್ದ, ಅವನ ಕೂಡ ಕಳಸೀವಿ. ಅಲ್ಲೆ ಕಟ್ಟಡದ ಕೆಲಸ ಅದ. ಅದಕ್ಕಿಂತ ಒಂದ್ ವಾರ ಮೊದ್ಲ ಬಂದಿದ್ರ ಕಳಸ್ತಿದ್ದಿಲ್ರೀ ಸರ."

ದೂರಿನ ದನಿಯೇ ಅಲ್ಲ. ಮಳೆ ಯಾವಾಗ ಬಂತೆಂದು ಹೇಳುವ ಹಾಗೆ ಹೇಳಿದ. ಪುಣೆಯ ಮೇಸ್ತ್ರಿಯ ಒಂದು ನಂಬರು ಕೊಟ್ಟ. ಅದು ಆಗಲೂ ಹತ್ತಲಿಲ್ಲ, ಆಮೇಲೂ ಹತ್ತಲಿಲ್ಲ.

ನಾನು ಮನಸ್ಸಿನಲ್ಲೇ ದಿನ ಹಿಂದಕ್ಕೆ ಎಣಿಸಿದೆ. ಬಾವಿಯನ್ನು ತೆಗೆಯಲು ನಮಗೆ ಬೇಕಾದದ್ದು ಎಂಟು ದಿನ. ಯಾರು ಇಳಿಯಬೇಕು, ಯಾರದನ್ನು ಯಾರು ಮುಟ್ಟಬೇಕು ಎಂದು ಕಳೆದದ್ದು ಮೂರು ವಾರ. ಅದರಲ್ಲಿ ಎರಡು ಭಾನುವಾರ ನಾನು ನಿಂತು ಮಾತಾಡಿದ್ದೆ. ಸುನೀತಾ ಬಸ್ಸಿನ ದಾರಿ ನೋಡಿದ್ದು ಅದೇ ಮೂರು ವಾರ.

ಆಕೆಯ ತಾಯಿ ಒಳಗಿನಿಂದ ಒಂದು ಚೊಂಬು ನೀರು ತಂದು ನನ್ನ ಮುಂದೆ ಇಟ್ಟಳು. ದೂರದಿಂದ ಹೊತ್ತು ತಂದ ನೀರು. ಬೇಡ ಅನ್ನುವ ಹಾಗಿರಲಿಲ್ಲ. ಕುಡಿದೆ.